ಐದಕ್ಕೆ ಐದು

ಜನವರಿ 17, ಶನಿವಾರ. ಬೆಳಿಗ್ಗೆ 6.50

ಬಸ್ಸಿಗೆ ಇನ್ನೂ ಹತ್ತು ನಿಮಿಷ. ಮನೆಯಲ್ಲಿರುವ ಮಾದರಿ ಮಣೆಯನ್ನು ಮತ್ತೆ ಅಳೆದೆ. ಎತ್ತರ ಏಳು ಇಂಚು. ಬೈಂದೂರಿನ ಬಡಗಿ ಸೂರ ಮಾಡಿಕೊಟ್ಟ ಹದಿಮೂರೂ ಏಳೇ ಇಂಚು. ಕೂದಲಷ್ಟೂ ವ್ಯತ್ಯಾಸವಿಲ್ಲ. ಸಂತೋಷ.

ಉಳಿದ ಹನ್ನೆರಡು ಕುಂದಾಪುರದ ಮೀನು ಮಾರ್ಕೆಟ್‌ನಲ್ಲಿವೆ. ಮೀನು ಕತ್ತರಿಸುವ ಹೆಂಗಸರು ಎರಡು ವಾರದಿಂದ ಅವುಗಳ ಮೇಲೆ ಕೂರುತ್ತಿದ್ದಾರೆ. ಮೊದಲು ಕೂರಲು ನೆಲಕ್ಕೆ ಅಂಟಿದ ಹಲಗೆ, ಬಾಗಿದ ಬೆನ್ನು. ಇವತ್ತು ಫಾರ್ಮ್ ತುಂಬಿಸಬೇಕು — ಐದಕ್ಕೆ ಎಷ್ಟು ಅಂಕ? ಆರು ಜನ ನನ್ನ ಪಾಲಿಗೆ, ಆರು ಜನ ಸಹಪಾಠಿ ಹರ್ಷಾ ಪಾಲಿಗೆ.

ಸಂಜೆ 5.30

ನನ್ನ ಆರೂ ಜನ ಐದು ಕೊಟ್ಟರು.

ವನಜ ಅವರಲ್ಲಿ ಹಿರಿಯರು. ದೂರದಿಂದಲೇ ಕೂಗಿದರು. "ಹ್ವಾಯ್, ಕುಂಭಾಶಿ ಮಾಣಿ ಬಂದ್ರ್ ಕಾಣಿ! ಮಣೆ ಲಾಯ್ಕ್ ಇತ್ತ್ ಮರ್ರೆ. ಐದೇ ಬರ್ಕಣಿ. ಆರ್ ಇಲ್ಯಾ?"

ಇಲ್ಲ ಎಂದೆ. ಐದು ಬರೆದುಕೊಂಡೆ.

ಬ್ರಹ್ಮಾವರದ ನಮ್ಮ ಕಲಾ ಕಾಲೇಜಿನಲ್ಲಿ ಈ ಸೆಮಿಸ್ಟರ್‌ನ ಮೂರು ಪೇಪರ್‌ಗೂ — ವಿನ್ಯಾಸ ಸಿದ್ಧಾಂತ, ಸಂಶೋಧನೆ, ಉದ್ಯಮಶೀಲತೆ — ಒಂದೇ ಪ್ರಾಜೆಕ್ಟ್. ಸರಾಸರಿ ನಾಲ್ಕು ದಾಟಿ ಜ್ಯೂರಿ ಒಪ್ಪಿದರೆ, ಹೊಸ ಉದ್ಯಮಕ್ಕೆಂದು ಕಾಲೇಜು ಕೊಡುವ ಇನ್‌ಕ್ಯುಬೇಶನ್ ರೂಮ್ ಒಂದು ವರ್ಷ ನಮ್ಮದು. ಮರಗೆಲಸದ ಬೆಂಚು, ಉತ್ತರಕ್ಕೆ ಕಿಟಕಿ. ನಮ್ಮ ಮಣೆ ಕಂಪನಿ ಅಲ್ಲಿಂದ ಶುರು. ಯಾವುದನ್ನೂ ಇಷ್ಟು ಸ್ಪಷ್ಟವಾಗಿ ಬಯಸಿದ ನೆನಪಿಲ್ಲ.

ಜನವರಿ 19, ಸೋಮವಾರ

ಹರ್ಷಾಳ ಆರು ಫಾರ್ಮ್: ಮೂರು, ಎರಡು, ಮೂರು, ಎರಡು, ಮೂರು, ಎರಡು. ಒಟ್ಟು ಸರಾಸರಿ 3.75. ಕಾಲು ಅಂಕ ಕಡಿಮೆ.

ಶನಿವಾರ ಮಾರ್ಕೆಟ್‌ನಿಂದ ಹೊರಡುವಾಗ ಅವಳ ಕೈಯಲ್ಲಿ ಬಂಗುಡೆ ಮೀನಿನ ಚೀಲವಿತ್ತು. ಗಂಗೊಳ್ಳಿಯವಳು, ಎಲ್ಲರೂ ಗುರುತಿನವರು. ಇವತ್ತು ಕ್ಯಾಂಟೀನ್‌ನಲ್ಲಿ ಫಾರ್ಮ್‌ಗಳನ್ನು ಮೇಜಿನ ಮೇಲೆ ಒಗೆದಳು.

"ನನ್ ಮುಖ ಕಂಡ್ರೆ ಎರಡ್. ನಿನ್ ಮುಖಕ್ಕ್ ಐದ್. ನನ್ ಆರ್ ಜನದ್ ಹತ್ರೂ ನೀನೇ ಹೋಗ್ ಮರಾಯ."

ಜನವರಿ 22, ಗುರುವಾರ

ಹೋದೆ. ಆರೂ ಐದು.

ಈಗ ಹನ್ನೆರಡೂ ಐದು. ಹರ್ಷಾ ಕಾರಿಡಾರ್‌ನಲ್ಲಿ ಕುಣಿದಳು. ನಾನೂ ನಕ್ಕೆ. ಆದರೆ... ಅದೇ ಹೆಂಗಸು, ಅದೇ ಮಣೆ. ಶನಿವಾರ ಎರಡು, ಗುರುವಾರ ಐದು. ಬದಲಾದದ್ದು ಕೇಳಿದವನು ಮಾತ್ರ.

ಜ್ಯೂರಿ ಫೆಬ್ರವರಿ 2ಕ್ಕೆ. ಸುಮ್ಮನಿದ್ದರೆ ರೂಮ್ ಸಿಗಬಹುದು.

ಜನವರಿ 24, ಶನಿವಾರ. ಮಧ್ಯಾಹ್ನ 12.15

ಗಿರಾಕಿಗಳು ಕಡಿಮೆಯಾದ ಮೇಲೆ ವನಜರ ಎದುರು ಕುಕ್ಕರಗಾಲಲ್ಲಿ ಕುಳಿತೆ. ಹರ್ಷಾ ಕೇಳಿದಾಗ ಆ ಆರು ಜನ ಎರಡು, ಮೂರು ಕೊಟ್ಟರು, ನನಗೆ ಎಲ್ಲರೂ ಐದು — ಯಾಕೆ? ಎಂದು ಕೇಳಿದೆ.

ಅವರಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

"ಹರ್ಷಂಗ್ ಬಂಗ್ಡಿ ಕೊಟ್ಟಿತ್. ನಿಮ್ಗ್ ಎಂತ ಕೊಡುದ್? ನಿಮ್ಮನಿಯಂಗ್ ಮೀನ್ ಮುಟ್ಟುದಿಲ್ಲೆ. ಬಂದ ಮಾಣಿನ ಬರಿಗೈಯಂಗ್ ಕಳ್ಸುಕ್ ಆತ್ತಾ? ಪೆನ್ ಹಿಡ್ಕಂಡ್ ಬಂದ್ರಿ, ಅಂಕ ಕೊಟ್ಟಿತ್."

ಪಕ್ಕದವರೂ ತಲೆಯಾಡಿಸಿದರು. ಮೀನಿನ ಬದಲು ಎಲ್ಲರೂ ನನಗೆ ಅಂಕ ಕೊಟ್ಟಿದ್ದರು.

ಅನುವಾದಿತ ಕಾದಂಬರಿ ಓದುವಾಗ ಇಂಥ ಕಡೆ ಪುಟದ ಕೆಳಗಿನ ಟಿಪ್ಪಣಿ ಹುಡುಕುತ್ತೇನೆ. ಆ ದೇಶದಲ್ಲಿ ಅತಿಥಿಗೆ ಹೀಗೆ ಮಾಡುತ್ತಾರೆ ಎಂದು ಯಾರೋ ಬರೆದಿಟ್ಟಿರುತ್ತಾರೆ. ಈ ಮಾರ್ಕೆಟ್ ನಮ್ಮ ಮನೆಯಿಂದ ಎಂಟು ಕಿಲೋಮೀಟರ್. ಟಿಪ್ಪಣಿ ಬೇಕಾದೀತೆಂದು ಅನ್ನಿಸಿರಲಿಲ್ಲ.

ಹಾಗಾದರೆ ಮಣೆ ನಿಜಕ್ಕೂ ಹೇಗಿದೆ ಎಂದೆ. ವನಜ ಮೆಟ್ಟುಗತ್ತಿಯನ್ನು ಎಳೆದುಕೊಂಡರು — ಹಲಗೆಗೆ ನಿಲ್ಲಿಸಿದ ಅಲಗು. ಹಲಗೆಯನ್ನು ಪಾದದಿಂದ ಒತ್ತಿ ಹಿಡಿದರೇ ಅದು ನಿಲ್ಲುವುದು. ನಮ್ಮ ಮಣೆಯ ಮೇಲೆ ಕುಳಿತರೆ ಪಾದಕ್ಕೆ ಭಾರ ಬೀಳುವುದಿಲ್ಲ. ಅಲಗು ಆಡುತ್ತದೆ.

"ಬೆನ್ನಿಗೆ ಅಡ್ಡಿಲ್ಲೆ. ಮೆಟ್ಟುಕ್ ಆತಿಲ್ಲೆ. ಒಂದಿನ ಬೆರಳ್ ಹೋತ್."

ಮೂರು ವಾರದಲ್ಲಿ ನಾನು ಹತ್ತು ಸಲ ಬೆನ್ನನ್ನು ಅಳೆದಿದ್ದೆ. ಪಾದವನ್ನು ನೋಡಿರಲಿಲ್ಲ.

ಜನವರಿ 25, ಭಾನುವಾರ

ಹರ್ಷಾಗೆ ಫೋನ್ ಮಾಡಿ ಹೇಳಿದೆ. ಐದುಗಳನ್ನು ತೋರಿಸಿ ಗೆಲ್ಲುವುದು ಬೇಡ, ಎರಡೂ ಸಾಲು ಅಂಕ ಜ್ಯೂರಿಗೆ ತೋರಿಸೋಣ ಎಂದೆ.

"ರೂಮ್ ಹೋತ್ ಅಂಬ್ದ್ ಗೊತ್ತಿತ್ತಾ ನಿಂಗ್?"

ಗೊತ್ತು ಎಂದೆ.

ಅವಳೂ ಆ ಕಿಟಕಿಯ ಕೆಳಗೆ ತನ್ನ ಮೇಜು ಎಲ್ಲಿ ಬರಬೇಕೆಂದು ಗುರುತು ಹಾಕಿಟ್ಟವಳು. ಆ ಕಡೆ ಲ್ಯಾಪ್‌ಟಾಪ್ ತೆರೆದ ಸದ್ದು ಕೇಳಿತು.

"ಹಾಂಗಾರೆ ಸ್ಲೈಡ್ ನಾ ಮಾಡ್ತೆ. ನೀ ಮಾಡ್ರೆ ಬರೀ ಅಳ್ತೆ ಇರ್ತ್."

ಫೆಬ್ರವರಿ 2, ಸೋಮವಾರ

ಒಂದೇ ಸ್ಲೈಡ್‌ನಲ್ಲಿ ಎರಡು ಸಾಲು. ಅದೇ ಆರು ಜನ, ಅದೇ ಮಣೆ. ಎಡಕ್ಕೆ ಹರ್ಷಾಳ ಅಂಕ, ಬಲಕ್ಕೆ ನನ್ನದು.

ಜ್ಯೂರಿಯ ಹಿರಿಯರು ಕನ್ನಡಕ ತೆಗೆದರು. "ಯಾವುದನ್ನು ನಂಬಬೇಕು?"

"ಮೀನು ಸಿಕ್ಕಿದವರದ್ದು," ಎಂದೆ.

ತಮಾಷೆಗೆ ಹೇಳಿದ್ದಲ್ಲ. ಆದರೂ ಎಲ್ಲರೂ ನಕ್ಕರು. ನಮ್ಮ ಗೈಡ್ ಸುಜನ್ ಸರ್ ಆ ಸ್ಲೈಡ್ ಅನ್ನು ಸಂಶೋಧನೆಯ ಕ್ಲಾಸಿಗೆ ಬೇಕೆಂದು ಕೇಳಿ ತೆಗೆದುಕೊಂಡರು.

ರೂಮ್ ರಂಜನ್ ತಂಡಕ್ಕೆ ಹೋಯಿತು. ತೆಂಗಿನ ನಾರಿನ ದೀಪಗಳು. ಚೆನ್ನಾಗಿವೆ.

ಬೇಸರವಿಲ್ಲ ಎಂದು ಬರೆದರೆ ಅದೂ ಸುಳ್ಳು ಅಂಕ. ಬೇಸರವಿದೆ. ಐದಕ್ಕೆ ಎರಡು.

ಫೆಬ್ರವರಿ 8, ಭಾನುವಾರ. ಬೈಂದೂರು

ಸೂರನ ಅಂಗಳದಲ್ಲಿ ಇಡೀ ದಿನ. ಹೊಸ ಮಣೆ, ಎತ್ತರ ಐದು ಇಂಚು. ಮುಂದಕ್ಕೆ ಸ್ವಲ್ಪ ಇಳಿಜಾರು. "ಹನ್ಮೂರೂ ಕೊಯ್ಕಾ?" ಎಂದು ಸೂರ ಗರಗಸ ಎತ್ತಿದ. ಸದ್ಯಕ್ಕೆ ಒಂದೇ ಸಾಕು ಎಂದೆ. ಮರದ ಹೊಟ್ಟಿನ ವಾಸನೆ. ಊಟದ ಹೊತ್ತು ಮೀರಿದ್ದು ಇಬ್ಬರಿಗೂ ತಿಳಿಯಲಿಲ್ಲ.

ಫೆಬ್ರವರಿ 12, ಗುರುವಾರ. ಬೆಳಿಗ್ಗೆ 11.40, ಮಾರ್ಕೆಟ್‌ನಲ್ಲೇ

ಫಾರ್ಮ್ ತಂದಿಲ್ಲ. ವನಜ ಹೊಸ ಮಣೆಯ ಮೇಲೆ ಕುಳಿತು ದೊಡ್ಡದೊಂದು ಅಂಜಲ್ ಮೀನು ಕತ್ತರಿಸಿ ಮುಗಿಸಿದರು. ಪಾದ ಗಟ್ಟಿಯಾಗಿ ಊರಿತ್ತು. ಅಲಗು ಆಡಲಿಲ್ಲ. ಕೈ ತೊಳೆದರು. ಲಾಯ್ಕ್ ಎನ್ನಲಿಲ್ಲ.

"ಏ ಮಾಣಿ, ಎಂತಕ್ ಸುಮ್ನೆ ಕೂಕಂಡದ್ದ್? ಬರ್ಕೊ. ನೀರ್ ಹೋಪುಕ್ ದಾರಿ ಇಲ್ಲೆ, ಸೀರಿ ಒದ್ದಿ ಆತ್ತ್. ಬರ್ದ್ಯಾ? ಇಳಿಜಾರ್ ಜಾಸ್ತಿ ಆಯ್ತ್, ಜಾರ್ತ್. ತಲಿ ಎಲ್ಲ್ ಇಟ್ಕಂಡ್ ಮಾಡ್ದೆ ಇದನ್ನ?"

ಪಕ್ಕದ ಅಕ್ಕುವೂ ಎದ್ದು ಬಂದರು. ಕುಳಿತು ನೋಡಿ ಬೈದರು. ಈಗ ನಾಲ್ಕು ಜನ ಸರದಿಯಲ್ಲಿದ್ದಾರೆ. ಟಿಪ್ಪಣಿ ಪುಸ್ತಕ ನಾಲ್ಕನೇ ದೂರಿಗೇ ತುಂಬಿತು, ಉಳಿದದ್ದನ್ನು ಈ ಡೈರಿಯಲ್ಲೇ ಬರೆಯುತ್ತಿದ್ದೇನೆ. ಇಷ್ಟು ಖುಷಿ ಯಾವಾಗ ಆಗಿತ್ತೋ.

ಐದು: ಎತ್ತಲು ಹಿಡಿಕೆ ಬೇಕು, ಕೈಯಲ್ಲಿ ಮೀನಿನ ಜಿಡ್ಡು.

ಆರು: ಬಲಗಡೆಯ ಕಾಲು...