ಮೈದಾನದ ವನ್ಸ್ ಮೋರ್

ನವೆಂಬರ್ 1, ಶನಿವಾರ. ಬೆಳಗ್ಗೆ 8

ಬಂದು ನೆರೆದ ಮಹಾಜನರೇ! ಗೋಣಿಚೀಲ ಹಾಸಿಕೊಂಡು ಮುಂದೆ ಕುಳಿತ ಹಿರಿಯರೇ, ಕೂಸಿಗೆ ಹಾಲೂಡಿಸುತ್ತ ಕಿವಿ ಮಾತ್ರ ಇತ್ತ ಕೊಟ್ಟ ತಾಯಂದಿರೇ, ಹಿಂದಿನ ಸಾಲಿನ ಸೀಟಿ ವೀರರೇ — ಸದ್ದು! ಚಂದ್ರಾಮ ಮಾಸ್ತರ ಮಾತಾಡುತ್ತಿದ್ದಾನೆ!

ಯಾರೂ ಇಲ್ಲ. ಇನ್ನೂರು ಪುಟದ ನೋಟ್‌ಬುಕ್ಕು, ನಾನು. ಆದರೂ ಹೀಗೆ ಕೂಗದೆ ಶುರು ಮಾಡಲು ಬರುವುದಿಲ್ಲ. ನಲವತ್ತು ವರ್ಷ ಖಳನಾಯಕನಾಗಿ ಸ್ಟೇಜು ನಡುಗಿಸಿದ ಬಾಯಿ.

ಇವತ್ತೂ ಐದಕ್ಕೇ ಮೈದಾನ. ಸೈನ್ಯಕ್ಕೆ ತಯಾರಾಗುತ್ತಿರುವ ಮೂವತ್ತೆಂಟು ಹುಡುಗರು. ಅಕಾಡೆಮಿ ರೇವಪ್ಪನವರದು, ರಿಟೈರ್ಡ್ ಹವಾಲ್ದಾರರು. ಗಂಟಲಿನ ಆಪರೇಶನ್ ಆಗಿ ದನಿ ಹೋಯಿತು, ಪಿಸುಮಾತು ಉಳಿಯಿತು. ಹೋದ ವರ್ಷ ಮನೆಗೆ ಬಂದು, "ಮಾಸ್ತರ, ಕಲಸೂದು ನಾ ಕಲಸ್ತೇನಿ. ಒದರೂದು ನೀವ ಒದರ್ರಿ" ಎಂದರು. ಆಗ ಎರಡು ವರ್ಷದಿಂದ ನನಗೆ ಒಂದು ನಾಟಕವೂ ಇರಲಿಲ್ಲ. ಒಪ್ಪಿದೆ.

ಈ ಸಲದ ಕುದುರೆ ಸುನೀಲ. ಸಾಲೋಟಗಿಯವನು. ತಾಯಿ ಮರೆವ್ವ ಇಂಡಿ ಮಾರ್ಕೆಟ್ಟಿನಲ್ಲಿ ನಿಂಬೆಹಣ್ಣು ಆರಿಸುತ್ತಾಳೆ. ಆನ್‌ಲೈನ್ ಪರೀಕ್ಷೆ ಪಾಸಾಗಿದ್ದಾನೆ, ಇನ್ನು ಓಟ ಬಾಕಿ. ಇಪ್ಪತ್ನಾಲ್ಕಕ್ಕೆ ಸೈನ್ಯ ಭರ್ತಿಯ ರ‍್ಯಾಲಿ. ಅದು ತಪ್ಪಿದರೆ ವಯಸ್ಸು ಮೀರುತ್ತದೆ. ಇನ್ನೊಂದು ಅವಕಾಶ ಇಲ್ಲ.

ನಾಲ್ಕು ಸುತ್ತು — ಐದು ನಿಮಿಷ ಮೂವತ್ತೆಂಟು ಸೆಕೆಂಡು. ಇನ್ನೂ ಎಂಟು ಸೆಕೆಂಡು ಇಳಿಯಬೇಕು.

ನವೆಂಬರ್ 2, ರವಿವಾರ

ಅಕಾಡೆಮಿಯ ಶೆಡ್ಡಿನ ಗೋಡೆಗೆ ಚಾದರ ಕಟ್ಟಿ ಹುಡುಗರಿಗೆ ಸಿನಿಮಾ ತೋರಿಸಿದರು. ಹಳೆಯ ಇಂಗ್ಲಿಷ್ ಯುದ್ಧದ ಚಿತ್ರ. ಅರ್ಧಕ್ಕರ್ಧ ಹೊಸ ಸಿಪಾಯಿಗಳ ತರಬೇತಿಯೇ. ಮೂಗಿಗೆ ಮೂಗು ಹಚ್ಚಿ ಗುಡುಗುವ ಉಸ್ತಾದ. ಭಾಷೆ ತಿಳಿಯಲಿಲ್ಲ, ಪಾತ್ರ ತಿಳಿಯಿತು. ಬಣ್ಣ ಇಲ್ಲ, ಮೀಸೆ ಇಲ್ಲ, ಆದರೂ ಎಂಥ ಖಳ! ಮೈಯೆಲ್ಲ ಜುಮ್ಮೆಂದಿತು.

ಮುಗಿದ ಮೇಲೆ ರೇವಪ್ಪ ಹತ್ತಿರ ಬಂದು ಪಿಸುಗುಟ್ಟಿದರು. "ಇದು ಸಿನಿಮಾ ಐತ್ರಿ ಮಾಸ್ತರ. ನನ್ನ ಉಸ್ತಾದ ಇಷ್ಟ್ ಒದರ್ತಿದ್ದಿಲ್ಲ. ಸಂಜಿಮುಂದ ಬೂಟ್ ಬಿಚ್ಚಿಸಿ ಒಬ್ಬೊಬ್ಬರದು ಕಾಲು ನೋಡ್ತಿದ್ದ. ಅಷ್ಟ."

"ಕಾಲು ನೋಡಾಕ ಯಾರರೆ ಟಿಕೀಟ್ ತಗೊಂಡ್ ಬರ್ತಾರೇನ್ರಿ?" ಎಂದೆ. ಹುಡುಗರು ನಕ್ಕರು. ರೇವಪ್ಪ ನಗಲಿಲ್ಲ.

ನವೆಂಬರ್ 5, ಬುಧವಾರ

ಐದು ಇಪ್ಪತ್ತೊಂಬತ್ತು!

ಸುನೀಲ ಗೆರೆ ದಾಟಿದೊಡನೆ ತಡೆಯದೆ ಕೂಗಿಬಿಟ್ಟೆ — "ವನ್ಸ್ ಮೋರ್!" ಮಂಜೂರ ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದ. ಸುನೀಲನ ಗೆಳೆಯ, ಅಕಾಡೆಮಿಯ ವಿದೂಷಕ. ಮೂವತ್ತೇಳು ಬಾಯಿ ಒಟ್ಟಿಗೆ, "ವನ್ಸ್ ಮೋರ್! ವನ್ಸ್ ಮೋರ್!"

ಸುನೀಲ ತಬ್ಬಿಬ್ಬು. "ಮತ್ತ್ ಓಡ್ಲೇನ್ರಿ?"

"ಓಡಬೇಕೋ ತಮ್ಮ! ಸಿಂದಗಿಯೊಳಗ ನಾ ಸತ್ತ್ ಬಿದ್ದಾಂವ ಮೂರು ಸಲ ಎದ್ದು ಹಾಡಿ, ಮೂರು ಸಲ ಸತ್ತೇನಿ. ಮಂದಿ ವನ್ಸ್ ಮೋರ್ ಅಂದ್ರ ಕಲಾವಿದ ಇಲ್ಲ ಅನಬಾರದು. ಅಂದ್ರ ಬಣ್ಣ ಬಿಟ್ಟು ಹೋಗ್ತೈತಿ!"

"ಹೆಣಾನ ಎಬ್ಬಿಸ್ಯಾರಂದ್ರ ನೀನೇನ್ ದೊಡ್ಡಾಂವ? ನಡಿ ನಡಿ!" ಎಂದ ಮಂಜೂರ.

ಓಡಿದ. ನಗುತ್ತಲೇ ಓಡಿದ. ಇಷ್ಟು ದಿನ ಅಕಾಡೆಮಿಯಲ್ಲಿ ಶಿಕ್ಷೆ ಇತ್ತು, ಇನ್ನು ಮೇಲೆ ಮರ್ಯಾದೆಯೂ ಉಂಟು. ಚೆನ್ನಾಗಿ ಓಡಿದವನಿಗೆ ದಿನವೂ ವನ್ಸ್ ಮೋರ್.

ನವೆಂಬರ್ 12, ಬುಧವಾರ

ದಿನವೂ ಸುನೀಲನೇ. ಬೇರೆ ಯಾರಿಗೂ ಗಿಟ್ಟಿಲ್ಲ.

ಇವತ್ತು ಓಟದ ಮೊದಲು ಬಂದ. "ಮಾಸ್ತರ, ಮೊಣಕಾಲ ಕೆಳಗಿಂದು ಎಲುಬು ನೋಯಾಕತ್ತೈತ್ರಿ. ಒತ್ತಿದ್ರ ಜೀವಾ ಹೋಗ್ತೈತಿ."

ಮೂಗಿಗೆ ಮೂಗು ಹಚ್ಚಿದೆ. ಚಾದರದ ಮೇಲೆ ಕಂಡ ಉಸ್ತಾದ ಮೈಮೇಲೆ ಬಂದಿದ್ದ. "ಎಲುಬು ನಿಂದೇನೋ? ಇಲ್ಲಿ ಕಾಲಿಟ್ಟ ದಿನಾನ ಅದು ದೇಶದ್ದಾತು! ದೇಶದ ಎಲುಬಿಗಿ ನೋವಿಲ್ಲ!"

ಹುಡುಗರು ಚಪ್ಪಾಳೆ ತಟ್ಟಿದರು. ಸುನೀಲನೂ ತಟ್ಟಿದ. ಓಡಿದ. ಎರಡು ಸಲ.

ಒಳ್ಳೆಯ ಡೈಲಾಗು. ಬರೆದಿಟ್ಟುಕೊಳ್ಳಬೇಕು.

ನವೆಂಬರ್ 15, ಶನಿವಾರ

ರೇವಪ್ಪ ಗಂಟಲು ತೋರಿಸಲು ವಿಜಯಪುರಕ್ಕೆ. ಮಂಗಳವಾರ ವಾಪಸ್. ಹೋಗುವಾಗ ಸೀಟಿ, ಗಡಿಯಾರ ನನ್ನ ಕೈಗಿಟ್ಟರು. "ಸುನೀಲ ಕಾಲು ಎಳದು ನಡಿಯಾಕತ್ತಾನ. ರ‍್ಯಾಲಿತನಕ ಓಡಸಬ್ಯಾಡ್ರಿ. ಕೂಡ್ಲಿ."

ಆಗಲಿ ಎಂದೆ.

ನವೆಂಬರ್ 20, ಗುರುವಾರ

ಬರೆಯಬಾರದು ಎಂದುಕೊಂಡಿದ್ದೆ.

ಸೋಮವಾರ ಮೈದಾನದ ಕಟ್ಟೆಯ ಮೇಲೆ ಜನ ಕೂತಿದ್ದರು. ಹುಡುಗರ ಮನೆಯವರು, ವಾಕಿಂಗ್ ಬಂದವರು, ಐವತ್ತು ಅರವತ್ತು ಮಂದಿ. ಮೂರು ವರ್ಷದ ಮೇಲೆ ನನ್ನೆದುರು ಜನ ಕೂತಿದ್ದು. ಅವರನ್ನು ನೋಡಿದೆ... ಮಾತು ಮರೆತೆ. ರೇವಪ್ಪನವರಿಗೆ ಕೊಟ್ಟ ಮಾತು.

ಸುನೀಲ ಹೊರಗೆ ಕೂತಿದ್ದ. ಎಬ್ಬಿಸಿದೆ. "ಇಂಡಿ ತಾಲೂಕಿನ ಹುಲಿ ನೋಡ್ರೆಪಾ!" ಎಂದು ಸಾರಿದೆ. ಐದು ಇಪ್ಪತ್ನಾಲ್ಕು. ಕಟ್ಟೆಯೆಲ್ಲ ಚಪ್ಪಾಳೆ. ಕೈ ಮೇಲೆತ್ತಿದೆ, ವನ್ಸ್ ಮೋರ್. ಅಪರಿಚಿತರೂ ಕೂಗಿದರು. ಸುನೀಲ ಒಂದು ಗಳಿಗೆ ನನ್ನ ಮುಖ ನೋಡಿದ. ನಾನು ಜನರ ಕಡೆ ತಿರುಗಿದ್ದೆ.

ಮೂರನೆಯ ಸುತ್ತಿನ ತಿರುವಿನಲ್ಲಿ ಬಿದ್ದ. ಎಲುಬು ಮುರಿದದ್ದು ಕೇಳಿಸಿತು ಎಂದ ಮಂಜೂರ. ನನಗೆ ಕೇಳಲಿಲ್ಲ. ನಾನು ಕೂಗುತ್ತಿದ್ದೆ.

ಎಲುಬಿಗೆ ಮೊದಲೇ ಕೂದಲೆಳೆಯಷ್ಟು ಬಿರುಕು ಇತ್ತಂತೆ. ಎರಡು ವಾರ ಕಾಲಿಗೆ ಸುಮ್ಮನೆ ವಿಶ್ರಾಂತಿ ಕೊಟ್ಟಿದ್ದರೆ ಹೀಗೆ ಮುರಿಯುತ್ತಿರಲಿಲ್ಲ ಎಂದರು ಡಾಕ್ಟರು.

ಎರಡು ವಾರ.

ನವೆಂಬರ್ 21, ಶುಕ್ರವಾರ

ರೇವಪ್ಪ ಬೈಯುತ್ತಾರೆಂದು ಕಾದೆ. ಎದುರು ಬದುರು ಕೂತೆವು. ಅವರು ಪಿಸುಗುಟ್ಟಿದರು.

"ಒಂದ್ ದಿನಾರ ಅವನ ಕಾಲು ನೋಡಿದ್ರೇನ್ರಿ?"

ಸೀಟಿ ಮೇಜಿನ ಮೇಲಿಟ್ಟು ಬಂದೆ.

ನವೆಂಬರ್ 24, ಸೋಮವಾರ

ಇವತ್ತು ರ‍್ಯಾಲಿ. ಮಂಜೂರ ಫೋನ್ ಮಾಡಿದ, ಓಟ ಪಾಸ್. ದನಿಯಲ್ಲಿ ಸಂತೋಷ ಇರಲಿಲ್ಲ. "ಸುನ್ಯಾಗ ನೀವ ಹೇಳ್ರಿ ಮಾಸ್ತರ, ನನಗಾಗಾಂಗಿಲ್ಲ" ಎಂದು ಇಟ್ಟುಬಿಟ್ಟ.

ನಾನೂ ಹೇಳಲಿಲ್ಲ.

ನವೆಂಬರ್ 27, ಗುರುವಾರ. ಮಧ್ಯಾಹ್ನ

ಮಾರ್ಕೆಟ್ಟಿನ ಹತ್ತಿರ ಮರೆವ್ವ ಸಿಕ್ಕಳು. ತಪ್ಪಿಸಿಕೊಳ್ಳಲು ನೋಡಿದೆ. ಕೂಗಿ ನಿಲ್ಲಿಸಿದಳು. ಸೆರಗಿನಲ್ಲಿದ್ದ ನಿಂಬೆಹಣ್ಣು ಐದಾರು ನನ್ನ ಚೀಲಕ್ಕೆ ಹಾಕಿದಳು.

"ಗಂಟಲಿಗಿ ಚಲೋ ತಗೋರಿ. ನಿಮ್ಮ ದನಿ ಕೇಳಿನ ಓಡ್ತಿತ್ತು ನಮ್ಮ ಹುಡುಗ. ಏನ್ ಮಾಡೂದ್ರಿ... ಆ ಮಂಜೂರ ಗಾಡಿ ಮ್ಯಾಲ ಕುಂಡ್ರಿಸಿಕೊಂಡು ಹೋಗಿ ಕೆಡವಿದ."

"ಯಾರಂದ್ರವಾ ಹಂಗ?"

"ಸುನ್ಯಾನ ಹೇಳ್ಯಾನ್ರಿ. ಮೊನ್ನಿ ಮಂಜೂರ ಮನಿಗಿ ಬಂದಿದ್ದ. ಹೊಸ್ತಲದಾಗ ನಿಂದರಿಸಿ ಬೈದೆ. ನನ್ನ ಮಗನ್ನ ಕೆಡವಿ ನೀ ಮಿಲ್ಟ್ರಿಗಿ ಹೊಂಟೀಯೇನಂತ ಅಂದೆ. ತಲಿ ತಗ್ಗಿಸಿ ನಿಂತಿದ್ದ ನೋಡ್ರಿ ಬಾಡ್ಯಾ. ಒಂದ್ ಮಾತಾಡ್ಲಿಲ್ಲ. ತಪ್ಪಿದ್ದಾಂವ ಏನ್ ಮಾತಾಡ್ತಾನ?"

ಇಬ್ಬರೂ ಸೇರಿ ನನ್ನನ್ನು ಮುಚ್ಚಿಟ್ಟಿದ್ದಾರೆ. ಕಟ್ಟೆಯ ಮೇಲಿದ್ದವರ ಮಾತು ಇನ್ನೂ ಅವಳ ಕಿವಿ ಮುಟ್ಟಿಲ್ಲ.

ಮಹಾಜನರೇ, ಇಪ್ಪತ್ತು ನಾಟಕ ಈಗಲೂ ಬಾಯಿಪಾಠ. "ಅಲ್ಲವ್ವಾ, ಕೆಡವಿದ್ದು ನಾನು" — ಮೂರು ಶಬ್ದ. ಬರಲಿಲ್ಲ. ನಿಂಬೆಹಣ್ಣು ಹಿಡಿದುಕೊಂಡು ಬಂದೆ.

ನವೆಂಬರ್ 29, ಶನಿವಾರ. ಸಂಜೆ

ಮರೆವ್ವ ಕೆಲಸಕ್ಕೆ ಹೋಗಿರುವ ಹೊತ್ತು ನೋಡಿ ಸಾಲೋಟಗಿಗೆ ಹೋಗಿ ಬಂದೆ. ಕಳ್ಳನ ಹಾಗೆ.

ಸುನೀಲ ಬಾಜಿನ ಮೇಲೆ, ಹಗ್ಗದ ಮಂಚದಲ್ಲಿ ಮಲಗಿದ್ದ. ಬಿಳಿ ಪ್ಲಾಸ್ಟರು. ಏಳಲು ನೋಡಿದ, ಬೇಡ ಎಂದೆ.

"ಅವ್ವಗ ಸುಳ್ಳ್ ಯಾಕ್ ಹೇಳಿದ್ಯೋ?"

"ಮಾರ್ಕೆಟ್ಟಿನಾಗ ನಿಮ್ಮನ್ನ ನಿಂದರಿಸಿ ಬೈತಿದ್ಳರಿ. ಅಷ್ಟ್ ಮಂದ್ಯಾಗ ಬೈಸ್ಕೊಳ್ಳೂದು ನಿಮಗ ಆಗ್ತಿದ್ದಿಲ್ಲ."

"ಕಾಲು ಅಷ್ಟ್ ನೋಯ್ತಿತ್ತಂದ್ರ ಆವತ್ತ ಯಾಕ್ ಓಡಿದಿ?"

ಪ್ಲಾಸ್ಟರಿನ ಅಂಚು ಕೆರೆದುಕೊಂಡ. "ವನ್ಸ್ ಮೋರ್ ಅಂದ್ರ ಇಲ್ಲ ಅನಬಾರದಂತ ನೀವ ಹೇಳಿದ್ರಿ."

ಆಮೇಲೆ, ನನ್ನನ್ನು ನಗಿಸಲೆಂದೇ ಇರಬೇಕು: "ದೇಶದ ಎಲುಬು ಮುರೀತ್ರಿ ಮಾಸ್ತರ."

ನನ್ನ ಡೈಲಾಗು.

ಬರುವಾಗ ಟೆಂಪೊದಲ್ಲಿ ಪಕ್ಕದವನು ಗುರುತು ಹಿಡಿದ. "ಒಂದ್ ಡೈಲಾಗ್ ಹೊಡೀರಿ ಮಾಸ್ತರ!" ಇಲ್ಲ ಎಂದೆ. ನಲವತ್ತು ವರ್ಷದಲ್ಲಿ ಮೊದಲ ಸಲ. ಬಣ್ಣ ಬಿಟ್ಟು ಹೋದರೆ ಹೋಗಲಿ.

ಮಂಜೂರನಿಗೆ ಫೋನ್ ಮಾಡಿದ್ದೇನೆ. ಮೊದಲು ಬೇಡ ಎಂದ. ಆಮೇಲೆ ಬರ್ತೇನಿ ಎಂದ. ನಾಳೆ ಬೆಳಗ್ಗೆ ಆರರ ಟೆಂಪೊಗೆ ಅವನನ್ನು ಕರೆದುಕೊಂಡು ಸಾಲೋಟಗಿಗೆ ಹೋಗುತ್ತೇನೆ. ಏಳಕ್ಕೆ ಮರೆವ್ವ ಮನೆ ಬಿಡುವ ಮೊದಲೇ. ಅವನು ಬೈಸಿಕೊಂಡ ಹೊಸ್ತಿಲ ಮೇಲೆಯೇ ನಿಂತು, ಕೂಗದೆ, ಸಣ್ಣ ದನಿಯಲ್ಲಿ, "ಗಾಡಿ ಇರಲಿಲ್ಲವ್ವಾ, ಕೆಡವಿದ್ದು ನಾನು" ಎಂದು ಹೇಳುತ್ತೇನೆ. ಓಣಿಯವರು ಕೂಡಿದರೆ ಕೂಡಲಿ. ಅವಳು ಬೈಯುವಷ್ಟು ಬೈಯಲಿ, ಒಂದು ಮಾತೂ ತಿರುಗಿ ಆಡುವುದಿಲ್ಲ. ಆಮೇಲೆ ಬಾಜಿನ ಹತ್ತಿರ ನೆಲದ ಮೇಲೆ ಕೂತು ಸುನೀಲನ ಕಾಲು ನೋಡುತ್ತೇನೆ.