ನಮ್ಮ ಅಲಮಾರಿಯಲ್ಲಿ ಕಾಲೇಜಿನ ಪುಸ್ತಕ

ಕಾಚಿಗೂಡ, ಹೈದರಾಬಾದ್
೧೨ ಫೆಬ್ರುವರಿ ೧೯೮೮

ಪ್ರೀತಿಯ ಜಯತೀರ್ಥಾ,

ನಿನ್ನ ಅವ್ವ ಬರೆಯುತ್ತಿದ್ದೇನೆ. ಅಕ್ಷರ ಡೊಂಕಾಗಿದ್ದರೆ ಸಹಿಸಿಕೊ, ನಾನು ಹಳ್ಳಿಯ ಸಾಲೆಯಲ್ಲಿ ಮೂರನೆಯ ಇಯತ್ತೆಗೇ ಓದು ಬಿಟ್ಟವಳು. ರೂರ್ಕಿಯ ಚಳಿಗೆ ನಿನ್ನ ಕೆಮ್ಮು ಹೇಗಿದೆ? ಶಾಮಲಾ ಹೆಣೆದ ಸ್ವೆಟರನ್ನು ನೀನು ತೊಟ್ಟಿದ್ದೀಯೋ, ಟ್ರಂಕಿಗೆ ತೊಡಿಸಿದ್ದೀಯೋ? ಡಾಕ್ಟರೇಟ್ ಬರುವಷ್ಟರಲ್ಲಿ ಡಾಕ್ಟರನ್ನು ಹುಡುಕುವ ಹಾಗೆ ಮಾಡಿಕೊಳ್ಳಬೇಡ. ಇಲ್ಲಿ ನಾವು ಆರಾಮ. ನನ್ನ ಮೊಣಕಾಲು ಮಾತ್ರ ನನ್ನ ಮಾತು ಕೇಳುವುದಿಲ್ಲ. ಈ ಮನೆಯಲ್ಲಿ ಯಾರು ಕೇಳುತ್ತಾರೆ, ಅದು ಕೇಳಲಿಕ್ಕೆ!

ಈಗ ನಿನ್ನ ಮಗಳ ಸಂಗತಿ. ನೀಲಾಳ ಪರೀಕ್ಷೆ ಬರುವ ತಿಂಗಳು. ಮಣ್ಣು, ಅಡಿಪಾಯ ಇವುಗಳ ಮೇಲಿನ ಒಂದು ಪುಸ್ತಕ ಬೇಕಂತೆ. ಅಂಗಡಿಯಲ್ಲಿ ಸಿಗುವುದಿಲ್ಲ, ನೀನು ಕಲಿಸುವ, ಅವಳು ಓದುವ ಎಂಜಿನಿಯರಿಂಗ್ ಕಾಲೇಜಿನ ಲೈಬ್ರರಿಗೆ ಬಂದದ್ದೇ ಒಂದು. ಆ ಒಂದನ್ನೂ ನೀನು ಪಾಠ ಮಾಡಲಿಕ್ಕೆಂದು ತಂದಿದ್ದೀ, ಅದು ನಿನ್ನ ಹೆಸರಿನಲ್ಲಿ ನಮ್ಮ ನಡುಮನೆಯ ಅಲಮಾರಿಯಲ್ಲಿ ಕೂತಿದೆ. ಬೀಗದ ಕೈ ನನ್ನ ಸೊಂಟದಲ್ಲಿದೆ, ಯಾರಿಗೂ ತೆಗೆದುಕೊಡಬೇಡ ಎಂದು ನೀನೇ ಹೇಳಿ ಹೋಗಿದ್ದೀ. "ಅಜ್ಜಿ, ಒಂದ ಪುಸ್ತಕ ತಗೋತೀನಿ, ಅಪ್ಪಗ ಗೊತ್ತಾಗೂದಿಲ್ಲ" ಎಂದು ಹುಡುಗಿ ನನ್ನ ಸೆರಗು ಜಗ್ಗುತ್ತಲೇ ಇದ್ದಳು. ನನಗೆ ಬೇರೆಯೇ ಕುತೂಹಲ ಹುಟ್ಟಿತು. ಎಲ್ಲರಿಗೂ ಸೇರಿದ ವಸ್ತು ನಮ್ಮ ನಡುಮನೆಯಲ್ಲಿ ಬೀಗ ಹಾಕಿಸಿಕೊಂಡು ಕೂತಿರುವುದು ಹೇಗೆ? ಆ ಲೈಬ್ರರಿ ಎಂಬುದು ನಡೆಯುವುದಾದರೂ ಹೇಗೆ? ನನ್ನನ್ನೂ ಕರೆದುಕೊಂಡು ಹೋಗು ಎಂದೆ. "ಅಲ್ಲೆ ಮಾತಾಡಬಾರದು ಅಜ್ಜಿ, ನಿನ್ನ ಕೈಲೆ ಆಗೂದಿಲ್ಲ" ಎಂದಳು. ಆ ನಾಲಿಗೆ ನಿನ್ನ ಹೆಂಡತಿ ಶಾಮಲಾಳದಲ್ಲ, ನನ್ನದೇ.

ಮಂಗಳವಾರ ಅವಳ ಜೊತೆ ಹೋದೆ. ಲೈಬ್ರರಿಯನ್ ವಾಸುದೇವ ನಮ್ಮ ರಾಯಚೂರು ಕಡೆಯವನು. ಸಾರ್ ಅವರ ತಾಯಿ ಬಂದಿದ್ದಾರೆ ಎಂದು ಫ್ಯಾನಿನ ಕೆಳಗೆ ಕುರ್ಚಿ ಹಾಕಿಸಿದ. ಕೂತು ಕಣ್ಣು ತುಂಬ ನೋಡಿದೆ. ಅರ್ಧ ಹುಡುಗರು ಪೇಪರಿನಲ್ಲಿ ನೌಕರಿ ಜಾಹೀರಾತು ಹುಡುಕುತ್ತಾರೆ, ಉಳಿದವರು ಹಳೆಯ ಪ್ರಶ್ನೆಪತ್ರಿಕೆ ನಕಲು ಮಾಡಿಕೊಳ್ಳುತ್ತಾರೆ. ಪರದೇಶದಿಂದ ತರಿಸಿದ ನುಣುಪು ಕಾಗದದ ಪತ್ರಿಕೆಗಳನ್ನು ಮುಟ್ಟುವವರಿಲ್ಲ. ದೇವರಮನೆಯ ಬೆಳ್ಳಿ ಸಾಮಾನಿನ ಹಾಗೆ ಒರೆಸಿ ಇಡುತ್ತಾರೆ. ನಾನು ಇರುವಷ್ಟು ಹೊತ್ತು ಮೇಷ್ಟ್ರು ಒಬ್ಬರೂ ಬರಲಿಲ್ಲ. "ಜವಾನನ ಕೈಯಾಗ ಚೀಟಿ ಕಳಿಸ್ತಾರ್ರಿ" ಎಂದ ವಾಸುದೇವ. ನೀನೂ ಹಾಗೇ ಏನು? ನಾನು ಬದನೆಕಾಯಿಯನ್ನೂ ಕೈಯಲ್ಲಿ ಹಿಡಿದು ನೋಡದೆ ಕೊಳ್ಳುವವಳಲ್ಲ.

ಅಷ್ಟರಲ್ಲಿ ಒಬ್ಬ ಹುಡುಗ ಅತ್ತಿತ್ತ ನೋಡಿ ದಪ್ಪ ಪುಸ್ತಕವೊಂದನ್ನು ಕವಿತೆ ಪುಸ್ತಕಗಳ ಬೆನ್ನಿಗೆ ತುರುಕಿದ. ಎಂಜಿನಿಯರ್ ಹುಡುಗರು ಯಾರೂ ಅಲ್ಲಿ ಕೈ ಹಾಕುವುದಿಲ್ಲವಂತೆ. ಪರೀಕ್ಷೆ ಮುಗಿಯುವತನಕ ಅದು ಅವನೊಬ್ಬನಿಗೇ. ನಾನು ನೋಡಿದ್ದನ್ನು ಕಂಡು "ನಾನೀ, ಕಿಸೀಕು ನಕ್ಕೋ ಬೋಲೋ" ಎಂದು, ಯಾರಿಗೂ ಹೇಳಬೇಡವೆಂದು ಕೈ ಮುಗಿದ. ನಾನು ಹೇಳದೆ ಇರುತ್ತೇನೆಯೇ? ವಾಸುದೇವ ನಕ್ಕುಬಿಟ್ಟ. "ಇವರು ಮುಚ್ಚಿಟ್ಟಿದ್ದು ಹುಡುಕಿದ್ರ ಸಿಗತೈತ್ರಿ ಅವ್ವಾರ. ಹೊರಗ ಒಯ್ದು ದಿನ ದಾಟಿಸಿದ್ರ ದಂಡಾನೂ ಹಾಕತೀವಿ. ಸಾಹೇಬ್ರ ಮನಿಯಾಗ ಇದ್ದದ್ದನ್ನ ಹೆಂಗ ಕೇಳೂದ್ರಿ?" ಹಾಗೆಂದು ಅವನು ಫ್ಯಾನು ನೋಡಿದ, ನಿನ್ನ ಮಗಳು ತನ್ನ ಚಪ್ಪಲಿ ನೋಡಿದಳು. ನಾನು ಯಾರ ಮುಖ ನೋಡಲಿ, ಹೇಳು?

ಇರಲಿ. ಹೊತ್ತಿಗೆ ಸರಿಯಾಗಿ ಉಣ್ಣು, ಮೆಸ್ಸಿನ ರೊಟ್ಟಿ ಗಟ್ಟಿಯಿದ್ದರೆ ಸಾರಿನಲ್ಲಿ ನೆನೆಸಿಕೊ. ಶಾಮಲಾ ಬೇರೆ ಬರೆಯುತ್ತಾಳೆ. ರಾಯರು ನಿನ್ನ ಮೈಯನ್ನು ಕಾಯಲಿ, ಬುದ್ಧಿಯನ್ನೂ ಕಾಯಲಿ.

ನಿನ್ನ ಅವ್ವ,
ಯಮುನಾಬಾಯಿ

ತಾ.ಕ.: ಬರೆದ ಕಾಗದ ಎರಡು ದಿನ ಹಾಗೇ ಉಳಿಯಿತು, ಅಂಟು ಹಚ್ಚುವ ಮೊದಲು ಇದಿಷ್ಟು. ನಿನ್ನೆ ಅಲಮಾರಿ ತೆಗೆದೆ. ಕಾಲೇಜಿನ ಮೊಹರು ಬಿದ್ದ ಪುಸ್ತಕಗಳನ್ನೆಲ್ಲ ಆಟೋದಲ್ಲಿ ಹೇರಿಕೊಂಡು ಹೋಗಿ ವಾಸುದೇವನ ಮೇಜಿನ ಮೇಲೆ ಇಟ್ಟು ಬಂದೆ. ನೀಲಾಳಿಗೆ ಬೇಕಾದದ್ದು ಅವಳಿಗೆ ಸಿಗಲಿಲ್ಲ. ಅವಳಿಗಿಂತ ಮೊದಲು ಕೇಳಿದವರು ಕಾಯುತ್ತಿದ್ದರಂತೆ, ಪರೀಕ್ಷೆಯೊಳಗೆ ಅವಳ ಪಾಳಿ ಬರುವುದಿಲ್ಲ. "ನಾ ಓದಿದ ಮ್ಯಾಲ ಒಯ್ಯಬಾರದಿತ್ತೇನು?" ಎಂದು ಅತ್ತವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಇಷ್ಟು ವರ್ಷ ಇಟ್ಟುಕೊಂಡಿದ್ದೀಯಲ್ಲ, ಒಳಗಿದ್ದದ್ದು ನಿನ್ನ ತಲೆಗೆ ಹತ್ತಿರಬೇಕು. ನನ್ನ ಮೇಲಿನ ಸಿಟ್ಟು ಆಮೇಲೆ. ಮೊದಲು ಆ ಪಾಠವನ್ನು ಮಗಳಿಗೆ ಬರೆದು ಕಳಿಸು.