ಶುರುವಿನಲ್ಲೇ ಬರುವ ಹೆಸರು

ಅಪ್ಪ,

ಸಿನಿಮಾ ಶುರುವಲ್ಲಿ ಹೆಸರು ಬರೋವಾಗ ಎಲ್ಲರೂ ಕಲ್ಲಂಗಡಿ ಬೀಜ ಬಿಡಿಸ್ತಾ ಇರ್ತಾರೆ, ಯಾವನು ಓದ್ತಾನೆ ಅಂದ್ರಲ್ಲ, ನೀವೊಬ್ಬರು ಓದಿ ಸಾಕು. ಸಿನಿಮಾದಲ್ಲಿ ಒದೆ ತಿನ್ನೋದು ಹೆಸರಿಲ್ಲದ ಕೆಲಸ ಅಂತ ಬೈದು ಮಾತು ಬಿಟ್ರಿ. ಈ ಸಲ ನನ್ನ ಹೆಸರು ಹಾಕಿದ್ದಾರೆ.

ಸಿನಿಮಾ ಶುರುವಾಗೋದೇ ಕೆಂಪು ಪರದೆ ಮುಂದೆ ಹೀರೋ ನನ್ನನ್ನ ಒದೆಯೋದ್ರಿಂದ. ಅದರ ಮೇಲೇ ಹೆಸರುಗಳು ಬರ್ತವೆ. ನನ್ನದು ಸರಿಯಾಗಿ ನನ್ನ ಮುಖದ ಮೇಲೇ ಕೂತಿದೆ! ಹೆಸರು ಬರೆಯೋ ಪೂನ್ ಮಾಮ ನಕ್ಕು, "ಬೇರೆ ಜಾಗ ಇಲ್ಲ ಕಣೋ. ಮುಖ ಕಾಣ್ಬೇಕೋ, ಹೆಸರು ಇರ್ಬೇಕೋ, ಒಂದು ಹೇಳು" ಅಂದ್ರು.

"ಹೆಸರೇ ಇರ್ಲಿ ಮಾಮ. ಈ ಮೂತೀನ ನಮ್ಮಪ್ಪ ದಿನಾ ನೋಡ್ತಾರೆ" ಅಂದೆ.

ಮೇಲಿಂದ ಕೆಳಕ್ಕೆ ಬರೆದಿದ್ದಾರೆ. ನಮ್ಮಲ್ಲಿ ಮನೆತನದ ಹೆಸರೇ ಮೊದಲು ತಾನೆ? ಹಾಗಾಗಿ ನನ್ನ ಹಣೆ ಮೇಲೆ ದೊಡ್ಡದಾಗಿ ಬರೋದು ನಿಮ್ಮ 'ಮಾಕ್'.

ಟಿಕೆಟ್ ಟೀ ಲೋಟದ ಕೆಳಗಿದೆ. ಎದ್ದ ಮೇಲೆ ಬಾತುಕೋಳಿ ಅಂಗಡಿ ತೆಗೆಯೋಕೆ ಹೋಗ್ಬೇಡಿ, ಸೀದಾ ಕೌಲೂನ್ ದೋಣಿ ಹತ್ತಿ, ಟಾಕೀಸು ಆ ದಡದಲ್ಲಿದೆ. ಯಾವಾಗಿನ ಹಾಗೆ ತಡವಾಗಿ ಬಂದ್ರೆ ಹೆಸರು ಹೋಗಿರುತ್ತೆ. ಪಕ್ಕದ ಸೀಟು ನಂದು.

ನಿಮ್ಮ ನಿದ್ದೆ ಕೆಡದ ಹಾಗೆ, ಇವತ್ತು ಬಾಗಿಲು ಮೆತ್ತಗೆ ಎಳ್ಕೊಂಡು ಹೋಗ್ತಿದ್ದೀನಿ.

ನಿಮ್ಮ ಮಗ,
ಮಾಕ್ ಸೆಕ್‌ಹಂಗ್